ರೋಬಾಟ್ ಇದೆಯೇ ಎಂದು ಕೇಳುವ ಮೊದಲು
ಜೋಳದ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತಿದ್ದರೆ ಗ್ಯಾಸ್ ಎಂದು ಗುಳಿಗೆ ನುಂಗುತ್ತ ಕೂರಬೇಡಿ, ಎಂಡೋಸ್ಕೋಪಿ ಮಾಡಿಸಿ. ಸವಣೂರಿನ ವೀಳ್ಯದೆಲೆಗೆ ತಂಬಾಕು ಸೇರಿಸುವವರಂತೂ ತಡಮಾಡಲೇಬಾರದು.

ಅನ್ನನಾಳದ ಕ್ಯಾನ್ಸರ್ ಎಂದಾದರೆ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಿನವರು ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೊರಡುತ್ತಾರೆ. ಆಗ ‘ರೋಬಾಟ್ ಶಸ್ತ್ರಚಿಕಿತ್ಸೆಯೇ ಬೇಕು’ ಎನ್ನುವವರ ಮಾತು ಕೇಳಿ ಹೊಲ ಮಾರಬೇಡಿ. ಯಂತ್ರ ತಾನಾಗಿ ಕೊಯ್ಯುವುದಿಲ್ಲ, ಅದರ ತೋಳುಗಳನ್ನು ಆಡಿಸುವವರೂ ಸರ್ಜನ್ನರೇ. 2022ರಲ್ಲಿ ಪ್ರಕಟವಾದ ಚೀನಾದ ಅಧ್ಯಯನವೊಂದು 358 ರೋಗಿಗಳನ್ನು ಹೋಲಿಸಿತು. ರೋಬಾಟ್ ಶಸ್ತ್ರಚಿಕಿತ್ಸೆಗೆ ಸರಾಸರಿ 204 ನಿಮಿಷ, ಮಾಮೂಲಿ ದುರ್ಬೀನು ಆಪರೇಷನ್ನಿಗೆ 245. ಮೊದಲೇ ಕೀಮೋ ಆದವರಲ್ಲಿ ರೋಬಾಟ್ ಹೆಚ್ಚು ದುಗ್ಧಗ್ರಂಥಿಗಳನ್ನು ತೆಗೆಯಿತು, ನಿಜ. ತೊಡಕುಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಹಾಗಾಗಿ ರೋಬಾಟ್ ಇದೆಯೇ ಎನ್ನುವ ಮೊದಲು ‘ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡ್ತೀರಿ ಸರ್?’ ಎಂದು ಸರ್ಜನ್ನರನ್ನು ಸಂಕೋಚವಿಲ್ಲದೆ ಕೇಳಿ. ಆಯುಷ್ಮಾನ್ ಕಾರ್ಡು ಯಾವ ಆಪರೇಷನ್ನಿಗೆ ನಡೆಯುತ್ತದೆ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ.