ಕಾಯಿಲೆ ಇದ್ದವರು ಹಾಸ್ಪೀಸ್ ಕೆಲಸಕ್ಕೆ ಹೋಗಬಹುದೇ?



ನಮ್ಮ ಸಂಘಗಳಲ್ಲಿ ನರ್ಸಿಂಗ್ ಕಲಿತವರಿದ್ದಾರೆ, ನರ್ಸಿಂಗ್ ಹೋಮ್‌ಗಳಲ್ಲಿ ಆಯಾ ಕೆಲಸ ಮಾಡುವವರೂ ಇದ್ದಾರೆ. ಸಭೆ ಮುಗಿದ ಮೇಲೆ ಅವರಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು: “ಸಿಸ್ಟರ್, ಹಾಸ್ಪೀಸ್‌ನಲ್ಲಿ ಕೆಲಸ ಮಾಡೋ ಆಸೆ. ಆದ್ರೆ ನಂಗೇ ಶುಗರ್ ಇದೆ. ಹೋಗ್ಲಾ, ಬೇಡ್ವಾ?” ಇನ್ನು ಕೆಲವರಿಗೆ ಗಂಟುವಾತ, ಕೆಲವರಿಗೆ ಉಬ್ಬಸ. ಈ ಪ್ರಶ್ನೆಯನ್ನು ಈ ತಿಂಗಳು ಎಲ್ಲರೂ ಕೂತು ಯೋಚಿಸೋಣ.

ಹಾಸ್ಪೀಸ್ ಎಂದರೇನು?

ಗುಣವಾಗುವ ಹಂತ ದಾಟಿದ ರೋಗಿಗಳ ನೋವು ಕಡಿಮೆ ಮಾಡಿ, ಕೊನೆಯವರೆಗೂ ಮರ್ಯಾದೆಯಿಂದ ನೋಡಿಕೊಳ್ಳುವ ಮನೆಯೇ ಹಾಸ್ಪೀಸ್. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಇಂಥ ಆರೈಕೆಯನ್ನು ರೋಗಿಯ ಮನೆಗೇ ಹೋಗಿ ಕೊಡುವ ತಂಡಗಳೂ ಇವೆ.

ಈ ಸೇವೆಗೆ ಹೊಸ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಅವರು ಮೊದಲು ನರ್ಸ್ ಆಗಿದ್ದರು. ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯಿತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ಮತ್ತೆ ರೋಗಿಗಳ ಹತ್ತಿರ ಬಂದರು. ಮುಂದೆ ವೈದ್ಯಕೀಯ ಓದಿ, 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ಆರಂಭಿಸಿದರು. ಬೆನ್ನು ಒಪ್ಪದ ಕೆಲಸವನ್ನು ಬಿಟ್ಟರು, ರೋಗಿಗಳನ್ನು ಬಿಡಲಿಲ್ಲ. ನಾವು ಕಲಿಯಬೇಕಾದ ಪಾಠ ಇದೇ.

ನಿರ್ಧಾರಕ್ಕೆ ಮುಂಚೆ ಐದು ಹೆಜ್ಜೆ

1. ಕೆಲಸವನ್ನು ಕಣ್ಣಾರೆ ನೋಡಿ. ಅನುಮತಿ ಕೇಳಿ ಎರಡು ಮೂರು ದಿನ ಅಲ್ಲಿದ್ದು ನೋಡಿ. ಸಾಧ್ಯವಾದರೆ ಒಂದು ರಾತ್ರಿಯೂ ಇರಿ. ಏಳಲಾಗದವರಿಗೆ ಹಾಸಿಗೆ ಹುಣ್ಣು ಆಗದಂತೆ ಆಗಾಗ ಮಗ್ಗುಲು ಬದಲಿಸಬೇಕು, ಮೈ ಒರೆಸಬೇಕು, ಬಾಯಿ ಶುಚಿ ಮಾಡಬೇಕು, ವಾಸನೆ ಬರುವ ಗಾಯಕ್ಕೆ ಡ್ರೆಸ್ಸಿಂಗ್ ಮಾಡಬೇಕು. ರೋಗಿಯನ್ನು ಎತ್ತಲು ಇಬ್ಬರು ಇರ್ತಾರಾ? ತಿಂಗಳಿಗೆ ಎಷ್ಟು ರಾತ್ರಿಪಾಳಿ? ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡ್ತಾರಾ? ಇವನ್ನೆಲ್ಲ ಕೇಳಿ ತಿಳಿದುಕೊಳ್ಳಿ.

2. ನಿಮ್ಮ ದೇಹದ ಲೆಕ್ಕ ಬರೆಯಿರಿ. ಸಂಘದ ಉಳಿತಾಯದ ಲೆಕ್ಕ ಬರೆಯುವ ಹಾಗೆ ಒಂದು ತಿಂಗಳು ಬರೆದಿಡಿ: ಎಷ್ಟು ನಿದ್ದೆ ಬಂತು, ಶುಗರ್ ಎಷ್ಟಿತ್ತು, ಬೆಳಿಗ್ಗೆ ಕೈ ಬಿಗಿತ ಎಷ್ಟು ಹೊತ್ತು ಇತ್ತು, ಯಾವ ದಿನ ಉಬ್ಬಸ ಬಂತು. ಫಿನಾಯಿಲ್ ವಾಸನೆಗೆ ಉಬ್ಬಸ ಏಳುತ್ತದೆ ಅಂದರೆ ಅದನ್ನೂ ಬರೆಯಿರಿ.

3. ಡಾಕ್ಟರಿಗೆ ಕೆಲಸವನ್ನು ವಿವರಿಸಿ. “ಹೋಗ್ಲಾ?” ಅಂತ ಮಾತ್ರ ಕೇಳಬೇಡಿ. ಪುಸ್ತಕ ತೋರಿಸಿ, “ಇಷ್ಟು ರಾತ್ರಿಪಾಳಿ, ಇಷ್ಟು ಎತ್ತುವ ಕೆಲಸ ಇದೆ, ಇನ್ಸುಲಿನ್ ಹೊತ್ತು ಹೇಗೆ ಹೊಂದಿಸಲಿ?” ಎಂದು ಕೇಳಿ. ಗಂಟುವಾತದ ಕೆಲವು ಮಾತ್ರೆಗಳಿಂದ ಸೋಂಕು ಬೇಗ ತಗಲಬಹುದು. ಅದನ್ನೂ, ಹೆಪಟೈಟಿಸ್ ಬಿ ಲಸಿಕೆಯ ವಿಷಯವನ್ನೂ ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

4. ಕಾಯಿಲೆಯನ್ನು ಮುಚ್ಚಿಡಬೇಡಿ. ಕೆಲಸ ಸಿಗೋದಿಲ್ಲ ಎಂಬ ಭಯ ನಮಗೆ ಅರ್ಥವಾಗುತ್ತದೆ. ಆದರೆ ಶುಗರ್ ಇಳಿದಾಗ ಬೆವರು ಬರುತ್ತದೆ, ಕೈ ನಡುಗುತ್ತದೆ, ತಲೆ ಗೊಂದಲವಾಗುತ್ತದೆ. ಆ ಹೊತ್ತಿನಲ್ಲಿ ನೋವಿನ ಔಷಧಿ ಅಳೆದು ಕೊಡುತ್ತಿದ್ದರೆ ಅಪಾಯ ಎದುರಿಗೆ ಮಲಗಿರುವವರಿಗೂ ಹೌದು. ಜೇಬಿನಲ್ಲಿ ಗ್ಲೂಕೋಸ್ ಇರಲಿ, ಜೊತೆಯವರಿಗೆ ವಿಷಯ ಗೊತ್ತಿರಲಿ.

5. ಹಣದ ಲೆಕ್ಕ ಹಾಕಿ. ಈಗಿನ ಕೆಲಸದಲ್ಲಿ ಇಎಸ್ಐ ಇದ್ದು ಹೊಸ ಕಡೆ ಇಲ್ಲದಿದ್ದರೆ, ಸಂಬಳ ಹೆಚ್ಚಾದರೂ ಮಾತ್ರೆಗೆ ಅದು ಖರ್ಚಾಗಿ ಹೋದೀತು. ಬರಬೇಕಾದ ಸಂಬಳ ನಂಬಿ ಸಂಘದಲ್ಲಿ ಹೊಸ ಸಾಲ ಮಾಡಬೇಡಿ. ಮೂರು ತಿಂಗಳ ಮನೆಖರ್ಚು, ಔಷಧಿ ಖರ್ಚು ಕೈಯಲ್ಲಿಟ್ಟುಕೊಂಡು ಹೆಜ್ಜೆ ಇಡಿ. ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದವರು ಮಾತ್ರ ನರ್ಸ್. ಕೆಲವು ತಿಂಗಳ ತರಬೇತಿ ಪಡೆದವರು ಆರೈಕೆ ಸಹಾಯಕಿಯರು. ಈ ವ್ಯತ್ಯಾಸ ತಿಳಿಯದೆ ಯಾರಿಗೂ ಶುಲ್ಕ ಕಟ್ಟಬೇಡಿ.

ಮನಸ್ಸಿನ ಭಾರ

ದೀರ್ಘ ಕಾಯಿಲೆ ಇರುವವರಿಗೆ ರೋಗಿಯ ಹಾಸಿಗೆಯಲ್ಲಿ ನಾಳೆ ತಾನೇ ಮಲಗಿದಂತೆ ಕಾಣಬಹುದು. ಅದೇ ಕಾರಣಕ್ಕೆ ಅವರು ರೋಗಿಯ ನೋವನ್ನು ಬೇಗ ಅರಿಯುತ್ತಾರೆ ಎಂಬುದೂ ನಿಜ. ಪಾಳಿ ಮುಗಿದ ಮೇಲೆ ನಿಮ್ಮ ಮಾತು ಕೇಳುವವರು ಯಾರು ಎಂದು ಮೊದಲೇ ಯೋಚಿಸಿ. ಸಂಘದ ಸಭೆ ಅದಕ್ಕೂ ಇದೆ.

ಲೆಕ್ಕ ಹಾಕಿದಾಗ ದೇಹ ಒಪ್ಪದಿದ್ದರೆ? ರೋಗಿಯ ಸುತ್ತ ಬೇರೆ ಜಾಗಗಳೂ ಇವೆ: ಹಗಲು ಪಾಳಿ, ಮನೆಯವರಿಗೆ ಧೈರ್ಯ ಹೇಳುವುದು, ಔಷಧಿ ದಾಖಲೆ ಬರೆಯುವುದು, ವಾರಕ್ಕೊಮ್ಮೆ ಹೋಗಿ ರೋಗಿಯ ಪಕ್ಕ ಕೂರುವುದು. ಯೇಸುಸ್ವಾಮಿ ಹೇಳಿದ ಸಮಾರಿಯದವನ ಕಥೆ ನೆನಪಿಸಿಕೊಳ್ಳಿ. ಅವನು ಗಾಯಾಳುವಿನ ಗಾಯ ಕಟ್ಟಿ, ಛತ್ರಕ್ಕೆ ಕರೆದೊಯ್ದು ಉಪಚರಿಸಿದ. ಮರುದಿನ ಛತ್ರದವನ ಕೈಗೆ ಹಣ ಕೊಟ್ಟು, ನೋಡಿಕೋ ಎಂದು ಒಪ್ಪಿಸಿ ಹೊರಟ. ಆರೈಕೆಯನ್ನು ಹಂಚಿಕೊಂಡದ್ದರಿಂದ ಅವನ ಕರುಣೆ ಕಡಿಮೆಯಾಗಲಿಲ್ಲ.

ಸಂಘದಲ್ಲಿ ಚರ್ಚಿಸಿ

• ನಮ್ಮಲ್ಲಿ ದೀರ್ಘ ಕಾಯಿಲೆ ಇದ್ದೂ ದುಡಿಯುವವರು ಯಾರು? ಅವರ ದುಡಿಮೆಯ ಯಾವ ಭಾಗ ಕಷ್ಟ?
• ಕೆಲಸ ಬದಲಿಸುವ ಸದಸ್ಯೆಗೆ ಮೊದಲ ಮೂರು ತಿಂಗಳು ಸಂಘ ಹೇಗೆ ನೆರವಾಗಬಹುದು?
• ನಮ್ಮ ಊರಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ? ಅವರನ್ನು ನೋಡಲು ಯಾರು ಹೋಗುತ್ತಾರೆ?