ಭುಜದ ಹೊಲಿಗೆಗೆ ಮುನ್ನ

ಉಜಿರೆ, ಬೆಳ್ತಂಗಡಿಯ ಅಡಿಕೆ ತೋಟಗಳಲ್ಲಿ ವರ್ಷಗಟ್ಟಲೆ ದೋಟಿ ಹಿಡಿದು ತಲೆಯ ಮೇಲಕ್ಕೆ ಕೈಯೆತ್ತಿ ದುಡಿದವರಿಗೆ 60 ದಾಟಿದ ಮೇಲೆ ಭುಜ ನೋಯತೊಡಗಿ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದೆ, ಕೈ ಎತ್ತುವುದೂ ಕಷ್ಟವಾದರೆ, ಅದನ್ನು ಬರಿಯ ವಾಯುವೆಂದು ಎಣ್ಣೆ ತಿಕ್ಕುತ್ತ ತಿಂಗಳುಗಳನ್ನು ಕಳೆಯುವುದು ಸರಿಯಲ್ಲ. ತೋಳುಮೂಳೆಯ ತಲೆಯನ್ನು ಬಳಸಿ ನಿಂತ ನಾಲ್ಕು ಸ್ನಾಯುಗಳ ರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಬಂಧಿಸುವ ನಾರಿನ ಹುರಿಗಳು, ವಯಸ್ಸಿನೊಡನೆ ಸವೆದು ಹರಿಯಬಹುದು. ಹರಿದು ಬಹುಕಾಲವಾದರೆ ಸ್ನಾಯು ಕುಗ್ಗಿ ಅದರೊಳಗೆ ಕೊಬ್ಬು ತುಂಬುತ್ತದೆ, ಹೊಲಿಗೆಯ ಬಳಿಕವೂ ಆ ಕೊಬ್ಬು ಸಾಮಾನ್ಯವಾಗಿ ಕರಗದು.

ಈ ಹೊಲಿಗೆಯ ಶಸ್ತ್ರಚಿಕಿತ್ಸೆಯಲ್ಲಿ ದಾರ ಪೋಣಿಸಿದ ಪುಟ್ಟ ತಿರುಪುಗಳನ್ನು, ಅಂದರೆ ಆಂಕರ್‌ಗಳನ್ನು, ಮೂಳೆಯಲ್ಲಿ ನೆಟ್ಟು ರಜ್ಜುವನ್ನು ಕಟ್ಟುತ್ತಾರೆ. ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇದ್ದವರಲ್ಲಿ ಈ ಆಂಕರ್‌ಗಳು ಹಳೆಯ ಮಣ್ಣಿನ ಗೋಡೆಗೆ ಹೊಡೆದ ಮೊಳೆಯಂತೆ ಸಡಿಲಬಹುದಾದ್ದರಿಂದ, ವೈದ್ಯರು ಮೂಳೆ ಗಟ್ಟಿಯಿರುವ ಕೀಲಿನ ಅಂಚಿನ ಬಳಿ ಅವನ್ನು ನೆಡುವುದು, ಎರಡು ಸಾಲಿನಲ್ಲಿ ಕಟ್ಟಿ ಎಳೆತವನ್ನು ಹಂಚುವುದು, ಕೆಲವೊಮ್ಮೆ ಮೂಳೆ ಸಿಮೆಂಟ್ ತುಂಬುವುದು ಮುಂತಾದ ಉಪಾಯಗಳನ್ನು ಬಳಸುತ್ತಾರೆ. ಆದರೆ ತಿರುಪು ಎಷ್ಟೇ ಭದ್ರವಾಗಿದ್ದರೂ ಸವೆದ ರಜ್ಜುವನ್ನು ದಾರವೇ ಕೊಯ್ದುಕೊಂಡು ಬರುವುದುಂಟು. ದುರಸ್ತಿ ಸಾಧ್ಯವೇ ಇಲ್ಲದ ವೃದ್ಧರಿಗೆ, ಫ್ರಾನ್ಸಿನ ಪಾಲ್ ಗ್ರಾಮೊಂ 1985ರಲ್ಲಿ ರೂಪಿಸಿದ, ಕೀಲಿನ ಗುಂಡು ಮತ್ತು ಬಟ್ಟಲನ್ನು ಅದಲುಬದಲು ಮಾಡುವ ಕೃತಕ ಭುಜವೇ ಹೆಚ್ಚು ಹೊಂದಬಹುದು.

ಹರಿದ ಎಲ್ಲ ರಜ್ಜುಗಳಿಗೂ ಹೊಲಿಗೆ ಬೇಕಿಲ್ಲ, ವ್ಯಾಯಾಮದಿಂದಲೇ ಸುಧಾರಿಸುವವರು ಅನೇಕರು. ಶಸ್ತ್ರಚಿಕಿತ್ಸೆಯೇ ನಿಶ್ಚಯವಾದರೆ, ಉಜಿರೆಯಲ್ಲಾಗಲಿ ಮಂಗಳೂರಿನಲ್ಲಾಗಲಿ, ಮೂಳೆಯ ಸಾಂದ್ರತೆ, ವಿಟಮಿನ್ ಡಿ ಮತ್ತು ಸಕ್ಕರೆಯ ಪರೀಕ್ಷೆಯ ಬಗ್ಗೆ ಮೊದಲೇ ವೈದ್ಯರಲ್ಲಿ ಕೇಳುವುದು, ಬೀಡಿ ಬಿಡುವುದು, ಬಳಿಕ 4ರಿಂದ 6 ವಾರ ಕೈಜೋಲಿ (ಸ್ಲಿಂಗ್) ತೊಟ್ಟು, ವೈದ್ಯರು ಒಪ್ಪುವ ತನಕ ದೋಟಿಯನ್ನು ಮುಟ್ಟದಿರುವುದು ರೋಗಿಯ ಪಾಲಿನ ಕೆಲಸ.