ಬಳ್ಳಾರಿಯಲ್ಲಿ ಎರಡು ದಿನ: ಕೋಟೆಗುಡ್ಡದಿಂದ ತುಂಗಭದ್ರೆಯವರೆಗೆ

ಬಳ್ಳಾರಿ ನಗರದ ನಡುವೆ ಎರಡು ಕಲ್ಲುಗುಡ್ಡಗಳಿವೆ. ಒಂದರ ನೆತ್ತಿಯ ಮೇಲೆ ಕೋಟೆ. ಇನ್ನೊಂದು ಕುಂಬಾರಗುಡ್ಡ, ಒಂದು ಮಗ್ಗುಲಿನಿಂದ ನೋಡಿದರೆ ಮನುಷ್ಯನ ಮುಖದಂತೆ ಕಾಣುತ್ತದೆ. ಊರೆಲ್ಲ ಈ ಎರಡರ ಸುತ್ತ ಹಬ್ಬಿಕೊಂಡಿದೆ. ಹಂಪಿಗೆ ಹೊರಟವರು ರೈಲಿನ ಕಿಟಕಿಯಿಂದ ಈ ಗುಡ್ಡಗಳನ್ನು ನೋಡುತ್ತ ಹೊಸಪೇಟೆಗೆ ಮುಂದುವರಿಯುತ್ತಾರೆ. ಇಲ್ಲಿ ಇಳಿಯುವವರು ಕಡಿಮೆ. ಆದರೆ ನಗರದಿಂದ ಸುಮಾರು ಅರವತ್ತು ಕಿಲೋಮೀಟರು ದೂರದೊಳಗೆ ಐದು ಸಾವಿರ ವರ್ಷ ಹಿಂದಿನ ದನಗಾಹಿಗಳ ನೆಲೆ, 12ನೆಯ ಶತಮಾನದ ಗುಡಿಗಳು, ವಿಜಯನಗರದ ಕಾಲದ ಕಾಲುವೆ ಎಲ್ಲವೂ ಸಿಗುತ್ತವೆ. ಹಂಪಿಯ ದಾರಿಯ ತಂಗುದಾಣವೆಂದಷ್ಟೇ ಬಳ್ಳಾರಿಯನ್ನು ಎಣಿಸುವುದು ತಪ್ಪು. ಇದಕ್ಕಾಗಿಯೇ ಎರಡು ದಿನ ತೆಗೆದಿಡಬೇಕು.

ಹಳೆಯ ನಕಾಶೆ ಹಿಡಿದು ಬರುವವರು ಒಂದು ಬದಲಾವಣೆಯನ್ನು ಗಮನಿಸಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪಿ ಆ ಜಿಲ್ಲೆಗೆ ಸೇರಿವೆ. ಈಗಿನ ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿರುವುದು ಬಳ್ಳಾರಿ, ಕುರುಗೋಡು, ಕಂಪ್ಲಿ, ಸಿರುಗುಪ್ಪ ಮತ್ತು ಸಂಡೂರು ತಾಲ್ಲೂಕುಗಳು.

ಬರುವುದಕ್ಕೆ ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರುವರಿ. ಮಾರ್ಚ್ ಕಳೆದರೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಕಾದ ಬಂಡೆ ಸಂಜೆ ಹೊತ್ತು ಮುಳುಗಿದ ಮೇಲೂ ಝಳ ಬಿಡುತ್ತಲೇ ಇರುತ್ತದೆ. ಚಳಿಗಾಲದಲ್ಲಿಯೂ ಗುಡ್ಡ ಹತ್ತುವ ಕೆಲಸವನ್ನು ಬೆಳಗಿನ ಒಂಬತ್ತರೊಳಗೆ ಮುಗಿಸುವುದು ಲೇಸು. ನವೆಂಬರ್‌ ಹೊತ್ತಿಗೆ ಬಂದರೆ ಸಿರುಗುಪ್ಪದ ಕಡೆ ನೆಲ್ಲು ಕೊಯ್ಲು ನೋಡಲು ಸಿಗುತ್ತದೆ. ಸಂಕ್ರಾಂತಿ ದಾಟಿದ ಮೇಲೆ ಎರೆಭೂಮಿಯ ಕಣಗಳಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿರುತ್ತದೆ.

ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 300 ಕಿ.ಮೀ. ಮೈಸೂರು, ಬೆಂಗಳೂರಿನ ಕಡೆಯಿಂದ ಗುಂತಕಲ್ ಮೇಲೆ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿಯಲ್ಲಿ ನಿಲ್ಲುತ್ತದೆ. ಹೊಸಪೇಟೆ 60 ಕಿ.ಮೀ. ದೂರ. ಎರಡು ರಾತ್ರಿಯೂ ಬಳ್ಳಾರಿಯಲ್ಲೇ ಉಳಿದು ಅಲ್ಲಿಂದ ಓಡಾಡುವುದು ಅನುಕೂಲ. ವಸತಿಗೆ ಹೆಚ್ಚು ಆಯ್ಕೆ ಇರುವುದು ಇಲ್ಲೇ. ಕುರುಗೋಡಿಗೂ ಸಿರುಗುಪ್ಪಕ್ಕೂ ಸಾರಿಗೆ ಬಸ್ಸುಗಳಿವೆ. ಆದರೆ ಸಂಗನಕಲ್ಲು, ಕೆಂಚನಗುಡ್ಡದಂಥ ಜಾಗಗಳಿಗೆ ಬಾಡಿಗೆ ಕಾರೋ ಆಟೋವೋ ಇಲ್ಲದೆ ಹೋದರೆ ದಿನವೆಲ್ಲ ಕಾಯುವುದರಲ್ಲೇ ಕಳೆಯುತ್ತದೆ.

ಮೊದಲ ದಿನದ ಬೆಳಗು ಕೋಟೆಗೆ ಮೀಸಲಿರಲಿ. ಮೇಲುಕೋಟೆಯನ್ನು ಕಟ್ಟಿಸಿದವನು ವಿಜಯನಗರದ ಅಧೀನನಾಗಿದ್ದ ಹನುಮಪ್ಪ ನಾಯಕ. 1769ರ ಸುಮಾರಿಗೆ ಹೈದರಾಲಿ ಅವನ ಹಂಡೆ ಮನೆತನದ ಪಾಳೆಯಗಾರರಿಂದ ಇದನ್ನು ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರ್ ಒಬ್ಬನ ನೆರವಿನಿಂದ ದುರಸ್ತಿ ಮಾಡಿಸಿ, ಗುಡ್ಡದ ಪೂರ್ವ ಭಾಗವನ್ನು ಬಳಸಿಕೊಂಡು ಕೆಳಕೋಟೆಯನ್ನು ಸೇರಿಸಿದ. ಕೋಟೆ ಮುಗಿದ ಮೇಲೆ, ಎದುರಿನ ಕುಂಬಾರಗುಡ್ಡ ಇದಕ್ಕಿಂತ ಎತ್ತರವಾಗಿದೆ, ಅಲ್ಲಿ ಫಿರಂಗಿ ಏರಿಸಿದರೆ ಕೋಟೆಗೆ ಉಳಿಗಾಲವಿಲ್ಲ ಎಂಬುದು ಅರಿವಾಗಿ, ಹೈದರನು ಆ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದು ಊರಿನವರು ಹೇಳುತ್ತ ಬಂದಿದ್ದಾರೆ. ಪೂರ್ವದ ಬಾಗಿಲಿನ ಬಳಿ ಇರುವ ಗೋರಿ ಅವನದೇ ಎಂಬುದೂ ಅದೇ ಐತಿಹ್ಯದ ಭಾಗ. ಮೇಲೆ ಹತ್ತಿ ನಿಂತು ಕುಂಬಾರಗುಡ್ಡದತ್ತ ನೋಡಿದಾಗ ಈ ಕತೆ ಯಾಕೆ ಹುಟ್ಟಿತೆಂಬುದು ಹೇಳದೆಯೇ ತಿಳಿಯುತ್ತದೆ.

ದಾರಿ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳದು. ನೆರಳು ಇಲ್ಲವೆಂದೇ ತಿಳಿದು ಕುಡಿಯುವ ನೀರು, ಟೋಪಿ, ಜಾರದ ಚಪ್ಪಲಿಯೊಂದಿಗೆ ಹೋಗಬೇಕು. ಮೇಲೆ ನೋಡಬೇಕಾದದ್ದು ನೀರಿನ ವ್ಯವಸ್ಥೆ. ಬಾವಿ ತೋಡಲಾಗದ ಬಂಡೆಯ ಮೇಲೆ ಕಾವಲುಪಡೆ ಬದುಕಬೇಕಾದರೆ ಮಳೆನೀರೊಂದೇ ಗತಿ. ಅದಕ್ಕಾಗಿ ಬಂಡೆಯ ಬಿರುಕುಗಳಿಗೆ ಅಡ್ಡ ಕಟ್ಟಿ ದೊಣೆಗಳನ್ನು ಮಾಡಿಕೊಂಡಿದ್ದಾರೆ. ಗೋಡೆ, ಬುರುಜುಗಳಿಗಿಂತ ಈ ದೊಣೆಗಳೇ ಕೋಟೆಯ ಜೀವ. ಅವುಗಳ ಅಂಚಿಗೆ ಮಕ್ಕಳನ್ನು ಬಿಡಬಾರದು. ಕೋಟೆಯ ಬಾಗಿಲು ತೆರೆಯುವ ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿಕೊಂಡಿದ್ದರೆ ಬೆಳಗಿನ ತಂಪು ವ್ಯರ್ಥವಾಗುವುದಿಲ್ಲ.

ಇಳಿದು ಬಂದ ಮೇಲೆ ತಿಂಡಿ. ಬಳ್ಳಾರಿಯಲ್ಲಿ ‘ಒಗ್ಗರಣಿ’ ಎಂದರೆ ಒಗ್ಗರಣೆ ಹಾಕಿದ ಮಂಡಕ್ಕಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿ ಪುಡಿ ಸೇರಿಸಿ ಮಾಡುತ್ತಾರೆ. ಜೊತೆಗೆ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ ಇರಲೇಬೇಕು. ಬೀದಿಬದಿಯ ಗಾಡಿಗಳಲ್ಲಿ ಇದು ಚೆನ್ನಾಗಿರುತ್ತದೆ. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುವ ಖಾನಾವಳಿ ಹುಡುಕುವುದು ಒಳ್ಳೆಯದು. ತಮಿಳುನಾಡಿನಲ್ಲಿ ಇಂದಿಗೂ ದೊಡ್ಡ ಈರುಳ್ಳಿಗೆ ಬಳ್ಳಾರಿಯ ಹೆಸರೇ ಇದೆ. ಈ ಊರಿನ ವ್ಯಾಪಾರ ಎಲ್ಲಿಯವರೆಗೆ ಹೋಗಿತ್ತೆಂಬುದಕ್ಕೆ ಅದೊಂದು ಗುರುತು.

ಊರಿನ ಹೆಸರಿಗೂ ವ್ಯಾಪಾರಿಗಳ ಕತೆಯೊಂದಿದೆ. ಬೀಡುಬಿಟ್ಟ ವ್ಯಾಪಾರಿಗಳಿಗೆ ಪೂಜೆಗೆ ಲಿಂಗ ಸಿಗದೆ, ಕಾಳು ಅಳೆಯುವ ಬಳ್ಳವನ್ನೇ ಬೋರಲು ಹಾಕಿ ಪೂಜಿಸಿದರಂತೆ. ಅದು ಬಳ್ಳೇಶ್ವರನಾಯಿತು, ಊರು ಬಳ್ಳಾರಿಯಾಯಿತು. ಊರದೇವತೆ ಕನಕದುರ್ಗಮ್ಮನ ಗುಡಿ ಇಂದಿಗೂ ನಗರದ ದೊಡ್ಡ ಗುರುತು. ದಾರಿ ಕೇಳಿದರೆ ಜನ ದುರ್ಗಮ್ಮನ ಗುಡಿಯಿಂದಲೇ ಲೆಕ್ಕ ಹಾಕಿ ಹೇಳುತ್ತಾರೆ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರ್ ಆದ. ಆಮೇಲೆ ಬಳ್ಳಾರಿ ದೊಡ್ಡ ದಂಡಿನ ಊರಾಯಿತು. ಕಂಟೋನ್ಮೆಂಟ್, ಕೌಲ್ ಬಜಾರ್ ಎಂಬ ಹೆಸರುಗಳಲ್ಲಿ ಆ ಕಾಲ ಉಳಿದಿದೆ. ಕನ್ನಡ ಬೈಬಲ್ ಅನುವಾದಕ್ಕೆ ತೊಡಗಿದ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಮದರಾಸು ಪ್ರಾಂತ್ಯದಲ್ಲಿದ್ದೂ ಬಳ್ಳಾರಿ ಕನ್ನಡದ ಕೆಲಸವನ್ನು ಬಿಡಲಿಲ್ಲ: 1926ರಲ್ಲಿ ಫ.ಗು. ಹಳಕಟ್ಟಿ, 1938ರಲ್ಲಿ ರಂಗನಾಥ ದಿವಾಕರ ಅವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳು ಇಲ್ಲೇ ನಡೆದವು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಎಳೆದರೂ ಮಾತು ಎರಡಾಗಲಿಲ್ಲ. ಬಜಾರಿನಲ್ಲಿ ಒಂದೇ ವ್ಯಾಪಾರ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಕುದುರುವುದನ್ನು ಕೇಳಬಹುದು. ನಟ ಬಳ್ಳಾರಿ ರಾಘವ (1880–1946) ಅವರ ಹೆಸರಿನ ರಂಗಮಂದಿರದಲ್ಲಿ ಸಂಜೆ ನಾಟಕವಿದ್ದರೆ ತಪ್ಪಿಸಿಕೊಳ್ಳಬಾರದು. ಕೊಳ್ಳುವ ಮನಸ್ಸಿದ್ದವರಿಗೆ ಇಲ್ಲೇ ಹೊಲಿಯುವ ಜೀನ್ಸ್ ಪ್ಯಾಂಟುಗಳಿವೆ.

ಬಿಸಿಲೇರಿದ ಹೊತ್ತಿಗೆ ನಗರದ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಇದನ್ನು ನೋಡದೆ ನವಶಿಲಾಯುಗದ ನೆಲೆಯಾದ ಸಂಗನಕಲ್ಲಿಗೆ ಹೋದವರಿಗೆ ಅಲ್ಲಿ ಬರೀ ಬಂಡೆ, ಚೂರುಕಲ್ಲು ಕಂಡೀತು. ಬ್ರೂಸ್ ಫೂಟ್ ಭೂವಿಜ್ಞಾನಿ. 1863ರಲ್ಲಿ ಮದರಾಸಿನ ಬಳಿ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಗುರುತಿಸಿ ಭಾರತದ ಪ್ರಾಗಿತಿಹಾಸ ಅಧ್ಯಯನಕ್ಕೆ ದಾರಿ ತೆರೆದವನು. ಬಳ್ಳಾರಿ ಸುತ್ತಿನ ನವಶಿಲಾಯುಗದ ನೆಲೆಗಳನ್ನು ಮೊದಲಿಗೆ ಗುರುತಿಸಿದವರಲ್ಲಿ ಅವನೂ ಒಬ್ಬ. ಕಲ್ಲಿನ ಕೊಡಲಿ ಹೇಗೆ ತಯಾರಾಗುತ್ತಿತ್ತು, ಯಾವ ಚೂರು ಮನುಷ್ಯನ ಕೈಯಿಂದ ಒಡೆದದ್ದು, ಯಾವುದು ತಾನಾಗಿ ಸೀಳಿದ್ದು ಎಂಬುದನ್ನು ಕಣ್ಣಿಗೆ ಅಭ್ಯಾಸ ಮಾಡಿಸುವ ಜಾಗ ಇದು.

ನಾಲ್ಕು ಗಂಟೆಯ ಹೊತ್ತಿಗೆ ಸಂಗನಕಲ್ಲು, ಕಪ್ಪಗಲ್ಲಿನ ಕಡೆ ಹೊರಡಬೇಕು; ನಗರದಿಂದ ಹತ್ತು ಕಿಲೋಮೀಟರಿನೊಳಗಿನ ದಾರಿ. ಊರಿನವರನ್ನು ಕೇಳಿ, ಸಾಧ್ಯವಾದರೆ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಗುಡ್ಡ ಹತ್ತುವುದು ಕ್ಷೇಮ. ಇಲ್ಲಿ ಬಾಳಿದವರು ದನ ಸಾಕಿದರು. ಹುರಳಿ, ಹೆಸರು, ಕೊರಲೆ ಬೆಳೆದರು. ಸುಟ್ಟು ಕರಕಾಗಿ ಉಳಿದ ಕಾಳುಗಳಿಂದ ವಿದ್ವಾಂಸರು ಇದನ್ನು ತಿಳಿದುಕೊಂಡಿದ್ದಾರೆ. ಅದೇ ಹುರಳಿ ಇಂದಿಗೂ ಈ ಸೀಮೆಯ ಅಡುಗೆಮನೆಯಲ್ಲಿದೆ.

ಇಲ್ಲಿನ ಗುಡ್ಡಗಳಲ್ಲೊಂದಾದ ಹಿರೇಗುಡ್ಡದಲ್ಲಿ ಕರಿಕಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಕೊಡಲಿಗೆ ಬೇಕಾದ ಗಟ್ಟಿ ಕಲ್ಲು ಸಿಗುತ್ತಿದ್ದದ್ದು ಇಲ್ಲೇ. ಅದೇ ಪಟ್ಟೆಯ ಗುಂಡುಗಳ ಮೇಲೆ ಉದ್ದ ಕೋಡಿನ, ಇಣಿಯಿರುವ ಎತ್ತುಗಳನ್ನೂ ಮನುಷ್ಯರನ್ನೂ ಕುಟ್ಟಿ ಮೂಡಿಸಿದ್ದಾರೆ. ಕೆಲವು ಗುಂಡುಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊರಡುತ್ತದೆ. ತಟ್ಟಿ ತಟ್ಟಿ ನುಣುಪಾದ ಕುಳಿಗಳು ಅವುಗಳ ಮೇಲಿವೆ. ಚೀನಾದಲ್ಲಿ ಕಲ್ಲಿನ ಫಲಕಗಳನ್ನು ಸಾಲಾಗಿ ತೂಗುಹಾಕಿ ನುಡಿಸುವ ಪ್ರಾಚೀನ ವಾದ್ಯವಿದೆ. ಹಂಪಿಯ ವಿಠ್ಠಲ ಗುಡಿಯಲ್ಲಿ ಸಪ್ತಸ್ವರದ ಕಂಬಗಳಿವೆ. ಅವು ಕಡೆದು ಮಾಡಿದವು. ಇಲ್ಲಿನವು ಬಿದ್ದಲ್ಲೇ ಬಿದ್ದಿರುವ ಕಲ್ಲುಗಳು. ಈ ಕೊರೆಚಿತ್ರಗಳ ವಿಷಯ 1892ರಷ್ಟು ಹಿಂದೆಯೇ ವಿದ್ವಾಂಸರ ಬರಹದಲ್ಲಿ ಬಂದಿತ್ತು. ಆಮೇಲೆ ಕಲ್ಲುಗಣಿಯಿಂದ ಈ ಗುಡ್ಡಗಳಿಗೆ ಆಗಿರುವ ಪೆಟ್ಟು ಸಣ್ಣದಲ್ಲ. ಆದ್ದರಿಂದ ಬಂದವರು ಹೆಸರು ಕೆತ್ತುವುದು, ಚಿತ್ರಕ್ಕೆ ಸೀಮೆಸುಣ್ಣ ಬಳಿದು ಫೋಟೊ ತೆಗೆಯುವುದು, ಚೂರುಕಲ್ಲನ್ನು ಜೇಬಿಗಿಳಿಸುವುದು ಯಾವುದನ್ನೂ ಮಾಡಬಾರದು. ಕತ್ತಲಾಗುವ ಮುಂಚೆ ಇಳಿಯಬೇಕು.

ಎರಡನೆಯ ದಿನ ಬೆಳಗ್ಗೆ ಕುರುಗೋಡು. ಬಳ್ಳಾರಿಯಿಂದ ಸುಮಾರು 30 ಕಿ.ಮೀ. ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಸಿಂದರ ಒಂದು ಶಾಖೆ 12ನೆಯ ಶತಮಾನದಲ್ಲಿ ಇಲ್ಲಿಂದ ಆಳಿತು. ಹೊಯ್ಸಳ ಇಮ್ಮಡಿ ಬಲ್ಲಾಳ ಗೆದ್ದ ದುರ್ಗಗಳ ಪಟ್ಟಿಯಲ್ಲಿ ಕುರುಗೋಡೂ ಇದೆ. ಮೊದಲು ದೊಡ್ಡಬಸವೇಶ್ವರನ ದರ್ಶನ. ಸುಮಾರು 12 ಅಡಿ ಎತ್ತರದ ಒಂದೇ ಕಲ್ಲಿನ ಬಸವ. ಬೇರೆಡೆ ನಂದಿ ಶಿವನ ಎದುರು ಕಾದು ಕುಳಿತಿರುತ್ತಾನೆ. ಇಲ್ಲಿ ಬಸವನೇ ದೇವರು, ಅವನಿಗೇ ತೇರು. ಬೇಸಿಗೆಯ ಆರಂಭದಲ್ಲಿ ನಡೆಯುವ ಜಾತ್ರೆಗೆ ಸುತ್ತಲಿನ ಹಳ್ಳಿಗಳೆಲ್ಲ ಸೇರುತ್ತವೆ. ಆಗ ಗುಡಿಯ ಶಿಲ್ಪ ನೋಡುವ ಬಿಡುವು ಸಿಗದು, ಜಾತ್ರೆಯನ್ನೇ ನೋಡಬೇಕು.

ಅಲ್ಲಿಂದ ಬೆಟ್ಟದ ಬುಡದ ಹಳೆಯ ಗುಡಿಗಳ ಕಡೆ ನಡೆಯಬೇಕು. ಕುರುಗೋಡಿಗೆ ಬರುವ ಹೆಚ್ಚಿನವರು ಬಸವಣ್ಣನಿಗೆ ಕಾಯಿ ಒಡೆಸಿ ಹಿಂದಿರುಗುತ್ತಾರೆ. ಈ ಗುಡಿಗಳ ಅಂಗಳದಲ್ಲಿ ಹಾಗಾಗಿ ಮೌನ. ಚಾಲುಕ್ಯ ಶೈಲಿಯ ಕಂಬಗಳು, ಬಾಗಿಲುವಾಡದ ಕೆತ್ತನೆ, ಮೇಲೆ ಕೋಟೆಗೋಡೆಯ ಸಾಲು. ಒಂದೂವರೆ ಗಂಟೆಯಾದರೂ ಬೇಕು.

ಕುರುಗೋಡಿನ ನಂತರ ಸಿರುಗುಪ್ಪ. ಅಲ್ಲಿಗೆ ಬಳ್ಳಾರಿಯಿಂದ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಐವತ್ತೈದು ಕಿ.ಮೀ. ಆಸುಪಾಸು. ದಾರಿಯಲ್ಲಿ ಸಿಗುವ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ನವಶಿಲಾಯುಗದ ನೆಲೆಯ ಉತ್ಖನನ ನಡೆಸಿದ್ದರು. ಸಂಗನಕಲ್ಲು ನೋಡಿದವರು ಇಲ್ಲಿ ನಿಲ್ಲದಿದ್ದರೂ ನಡೆಯುತ್ತದೆ.

ಸಿರುಗುಪ್ಪ ಎಂದರೆ ಸಿರಿಯ ಕುಪ್ಪೆ ಎಂದು ಊರಿನವರು ಬಿಡಿಸಿ ಹೇಳುತ್ತಾರೆ. ಬಂಡೆಯ ಸೀಮೆ ಇಲ್ಲಿಗೆ ಮುಗಿದು ನೀರಿನ ಸೀಮೆ ಶುರುವಾಗುತ್ತದೆ. ತುಂಗಭದ್ರಾ ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸುವ ವಿಜಯನಗರದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು ಕಾಲುವೆಗಳು ಸೇರಿವೆ. ಇಂದಿಗೂ ಅವುಗಳಿಂದ ಗದ್ದೆಗೆ ನೀರು ಹಾಯುತ್ತದೆ. ಹಂಪಿಯಲ್ಲಿ ವಿಜಯನಗರ ಹಾಳಾಗಿ ಬಿದ್ದಿದ್ದರೆ, ಇಲ್ಲಿ ಅದು ಕೆಲಸ ಮಾಡುತ್ತಿದೆ. ಜೊತೆಗೆ ತುಂಗಭದ್ರಾ ಅಣೆಕಟ್ಟಿನ ಎಲ್‌ಎಲ್‌ಸಿ (ಕೆಳಮಟ್ಟದ ಕಾಲುವೆ) ನೀರು ಬಂದ ಮೇಲೆ ಊರು ನೆಲ್ಲಿನ ಕಣಜವಾಗಿ, ರೈಸ್ ಮಿಲ್ಲುಗಳು ಎದ್ದವು.

ಸಂಜೆಗೆ ಹತ್ತಿರದ ಕೆಂಚನಗುಡ್ಡಕ್ಕೆ ಹೋಗುವುದು ಉತ್ತಮ. ತುಂಗಭದ್ರೆಯ ದಡ, ಹಳೆಯ ಒಡ್ಡು, ಗಂಗಾಧರೇಶ್ವರ ಗುಡಿ, ಪಾಳೆಯಗಾರರ ಕಾಲದ ಕಟ್ಟಡಗಳ ಅವಶೇಷ ಒಂದೇ ಕಡೆ ಸಿಗುತ್ತವೆ. ಹೊಳೆಗೆ ಇಳಿಯಬಾರದು: ಬಂಡೆಗಳ ನಡುವೆ ಸೆಳವು ಇದೆ, ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ.

ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳಲ್ಲಿ ಇನ್ನೊಂದು ಜೀವವಿದೆ: ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿರುವ ಈ ಹಕ್ಕಿ ಬಯಲು ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಕ್ಯಾಮೆರಾ ಹಿಡಿದು ಅದನ್ನು ಹುಡುಕಿಕೊಂಡು ಯಾರೂ ಹೊಲಕ್ಕೆ ಇಳಿಯದಿರಲಿ. ಬಳ್ಳಾರಿಯ ರೈಲು ಹಿಡಿಯಬೇಕಾದವರು ಕೆಂಚನಗುಡ್ಡದಿಂದ ಹೊತ್ತು ಮುಳುಗುವ ಮುಂಚೆ ಹೊರಟರೆ ಸಾಕು. ನಗರ ಸೇರಲು ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು.